ಡಾಕ್ಟರು ಪ್ರತಿ ಸಲ 4 ಅಂತಲೇ ಬರೆಯುತ್ತಾರೆ, ಕೈ ಬಲ ಅಳೆಯುವುದು ಹೇಗೆ?

ದಾವಣಗೆರೆ ಟೈಲರ್
ನನಗೆ ಸಿಐಡಿಪಿ ಇದೆ. ನಮ್ಮ ದೇಹದ ರಕ್ಷಣಾ ಶಕ್ತಿಯೇ ನರದ ಮೇಲಿನ ಪೊರೆಯನ್ನು ಹಾಳು ಮಾಡುವ ಕಾಯಿಲೆ. ಐವಿಐಜಿ ಡ್ರಿಪ್ ನಡೆಯುತ್ತಿದೆ, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ನರದ ಮೂಲಕ ಕೊಡುವುದು. ಡ್ರಿಪ್ ಆದ ಮೇಲೆ ಪ್ಯಾಂಟ್ ಬಟ್ಟೆ ಎರಡು ಪದರ ಇಟ್ಟು ಕತ್ತರಿಸುತ್ತೇನೆ. ಮುಂದಿನ ಡೋಸ್ ಹತ್ತಿರ ಬಂತು ಅಂದರೆ ಬ್ಲೌಸ್ ಪೀಸಿಗೂ ಹೆಬ್ಬೆರಳು ಸೋಲುತ್ತದೆ. ಕಾಜಾ, ಗುಂಡಿ ಎಲ್ಲಾ ಅಂಗಡಿ ಹುಡುಗನಿಗೆ. ಆದರೆ ಡಾಕ್ಟರು ಕೈ ಒತ್ತಿ ನೋಡಿ ಪ್ರತಿ ಸಲ 5ಕ್ಕೆ 4 ಅಂತಲೇ ಬರೆಯುತ್ತಾರೆ. ಇಷ್ಟು ದುಬಾರಿ ಔಷಧಿ, ಸುಮ್ನೆ ‘ಕೈ ಸೋಲುತ್ತೆ ಸಾರ್’ ಅಂದರೆ ಸಾಕಾ?

ಫಿಸಿಯೋ ತಂಗಿ
ಅಣ್ಣಾ, ಅದು ಡಾಕ್ಟರ ತಪ್ಪಲ್ಲ. ಆ ಅಳತೆಯಲ್ಲಿ 3 ಅಂದರೆ ಕೈಯನ್ನು ಅದರ ಭಾರದ ಮಟ್ಟಿಗೆ ಎತ್ತಬಲ್ಲಿರಿ, 5 ಅಂದರೆ ಪೂರ್ತಿ ಬಲ. ನಡುವಿನದ್ದೆಲ್ಲ 4ರೊಳಗೇ ಬೀಳುತ್ತದೆ. ಹ್ಯಾಂಡ್ ಡೈನಮೋಮೀಟರ್ ಆದರೆ ಹಿಡಿತವನ್ನು ಕೆಜಿಯಲ್ಲಿ ತೋರಿಸುತ್ತದೆ. ಕುರ್ಚಿಯಲ್ಲಿ ಕೂತು, ಮೊಣಕೈ 90 ಡಿಗ್ರಿ ಮಡಚಿ, ಒಂದೊಂದು ಕೈಯಲ್ಲೂ ಮೂರು ಸಲ ಹಿಂಡಿ. ನಡುವೆ ಸ್ವಲ್ಪ ಬಿಡುವು ಕೊಡಿ. ಸರಾಸರಿ ಬರೆದಿಡಿ. ಹೊತ್ತು ಮಾತ್ರ ಒಂದೇ ಇರಲಿ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಅಂಗಡಿ ಮುಚ್ಚಿದ ಮೇಲೆ ಅಂದರೆ ಲೆಕ್ಕ ಕೆಡುತ್ತದೆ. ಪಕ್ಕದಲ್ಲಿ ಡ್ರಿಪ್ ಹಾಕಿಸಿದ ತಾರೀಖು ಬರೆಯದಿದ್ದರೆ ಆ ಅಂಕಿ ಇದ್ದೂ ಉಪಯೋಗವಿಲ್ಲ.

ದುರ್ಗದ ಅಕ್ಕ
ಹಿಡಿತ ಒಂದನ್ನೇ ನೋಡಬೇಡಿ. ನನಗೂ ಇದೇ ಕಾಯಿಲೆ. ಕೈ ಪರವಾಗಿಲ್ಲ, ಕಾಲೇ ಕಷ್ಟ. ಚಿತ್ರದುರ್ಗದ ಕೋಟೆ ಬಿಡಿ, ಬಸ್ಸಿನ ಮೆಟ್ಟಿಲೇ ಈಗ ನನಗೆ ಕೋಟೆ! ನನಗೆ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ ಎಷ್ಟು ಸೆಕೆಂಡ್ ಅಂತ ನೋಡುತ್ತಾರೆ. ಇನ್‌ಕ್ಯಾಟ್ ಅಂತ ಇನ್ನೊಂದು ಅಳತೆ ಇದೆ, ದಿನದ ಕೆಲಸಕ್ಕೆ ಎಷ್ಟು ತೊಂದರೆ ಅಂತ ಅಂಕ ಹಾಕುತ್ತಾರೆ. ಕೈಗೆ 5, ಕಾಲಿಗೆ 5, ಒಟ್ಟು 10. ಇಲ್ಲಿ ಸೊನ್ನೆ ಬಂದವರೇ ಪಾಸ್. ಗುಂಡಿ ಹಾಕುವುದು, ಬೀಗದಲ್ಲಿ ಕೀ ತಿರುಗಿಸುವುದು, ತಲೆ ಬಾಚುವುದು ಎಲ್ಲಾ ಕೇಳುತ್ತಾರೆ. ಬೆರಳು ಮರಗಟ್ಟಿದ್ದರೆ ಬಲ ಇದ್ದರೂ ಗುಂಡಿ ಹಾಕಲಾಗುವುದಿಲ್ಲ, ಅಲ್ವಾ?

ದಾವಣಗೆರೆ ಟೈಲರ್
ಬಾಚೋಕೆ ಕೂದಲು ಉಳಿದಿಲ್ಲ ಅಕ್ಕಾ, ಗುಂಡಿ ಬೇಕಾದಷ್ಟಿವೆ. ತಂಗೀ, ಅಗ್ಗದ ಮಿಷನ್ ನಡೆಯುತ್ತಾ?

ಫಿಸಿಯೋ ತಂಗಿ
ನಡೆಯುತ್ತೆ ಅಣ್ಣಾ, ಆದರೆ ಮಧ್ಯದಲ್ಲಿ ಬದಲಿಸಬೇಡಿ. ಒಂದು ದಿನ ಸ್ವಲ್ಪ ಹೆಚ್ಚುಕಮ್ಮಿ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಡೋಸಿಗೆ ಮುಂಚೆಯೂ ಇಳಿಯುತ್ತಾ, ಡ್ರಿಪ್ ಆದ ಮೇಲೆ ಏರುತ್ತಾ, ಅಷ್ಟು ನೋಡಿ. ಹಾಗಿದ್ದರೆ ಆ ಪುಸ್ತಕ ಡಾಕ್ಟರ ಮುಂದಿಡಿ. ಡೋಸ್ ಹೆಚ್ಚಿಸುವುದೋ, ನಡುವಿನ ಅಂತರ ಕಡಿಮೆ ಮಾಡುವುದೋ ಅವರು ನೋಡುತ್ತಾರೆ.