ಕಾಲುವೆ ನೀರಿನಲ್ಲಿ ಕ್ಲೋರ್‌ಪೈರಿಫಾಸ್ ರಿಕವರಿ ಅರ್ಧಕ್ಕೂ ಬರುತ್ತಿಲ್ಲ

ಸಿಂಧನೂರು_ಲ್ಯಾಬ್:
ತಲೆ ಕೆಟ್ಟುಹೋಗಿದೆ. ನೀರಲ್ಲಿ ಕ್ಲೋರ್‌ಪೈರಿಫಾಸ್ ಕೀಟನಾಶಕ ಎಷ್ಟಿದೆ ಎಂದು ಅಳೆಯೋಕೆ ಮೆಂಥಾಲ್-ಥೈಮಾಲ್ 1:1 ಡಿಇಎಸ್ (ಎರಡು ಘನವಸ್ತು ಬೆರೆಸಿ ಆಗುವ ದ್ರವ ದ್ರಾವಕ) ಹಾಕಿ ಮೈಕ್ರೋ ಎಕ್ಸ್‌ಟ್ರಾಕ್ಷನ್ ಮಾಡುತ್ತಿದ್ದೇನೆ. ಡಿಸ್ಟಿಲ್ಡ್ ನೀರಿಗೆ ಸ್ಪೈಕ್ (ಗೊತ್ತಿರುವ ಪ್ರಮಾಣದ ಕೀಟನಾಶಕ) ಹಾಕಿದರೆ ರಿಕವರಿ, ಅಂದರೆ ಹಾಕಿದ್ದರಲ್ಲಿ ವಾಪಸ್ ಸಿಗುವ ಪಾಲು, ಚೆನ್ನಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆ ನೀರಾದರೆ ಅರ್ಧಕ್ಕೂ ಬರುವುದಿಲ್ಲ. ಎಚ್‌ಪಿಎಲ್‌ಸಿ ಯಂತ್ರ ಸರಿಯಿದೆ, ಹೋಲಿಸಿ ಅಳೆಯುವ ಸ್ಟ್ಯಾಂಡರ್ಡ್ ಹೊಸದು.

ಬಳ್ಳಾರಿ_ಕೆಮಿಸ್ಟ್:
ಉಪ್ಪು ಹಾಕಿದ್ದೀರಾ? ಕೀಟನಾಶಕ ನೀರು ಬಿಟ್ಟು ದ್ರಾವಕಕ್ಕೆ ಬರೋಕೆ 5% ಸೋಡಿಯಂ ಕ್ಲೋರೈಡ್ ಇದ್ದರೆ ಒಳ್ಳೆಯದು.

ಸಿಂಧನೂರು_ಲ್ಯಾಬ್:
ಹಾಕಿದ್ದೇನೆ.

ಬಳ್ಳಾರಿ_ಕೆಮಿಸ್ಟ್:
ಹಾಗಾದರೆ 10% ಮಾಡಿ. ವೋರ್ಟೆಕ್ಸ್ ಯಂತ್ರದಲ್ಲಿ ಇನ್ನೂ ಜಾಸ್ತಿ ಹೊತ್ತು ಕಲಕಿ. ಉಪ್ಪಿನದ್ದೇ ಸಮಸ್ಯೆ.

ರಾಯಚೂರು_ಮೆಣಸು:
ಈ ಮೆಂಥಾಲ್ ಗೋಜು ಯಾಕೆ? ನಾವು ಒಣಮೆಣಸಿನಕಾಯಿಯಿಂದ ಕೀಟನಾಶಕ ತೆಗೆಯೋಕೆ ಕ್ವೆಚರ್ಸ್ ವಿಧಾನ ಮಾಡುತ್ತೇವೆ. ಪುಡಿಯನ್ನು ಮೊದಲು ನೀರಲ್ಲಿ ನೆನೆಸಿ, ಆಮೇಲೆ ಅಸಿಟೋನೈಟ್ರೈಲ್ ದ್ರಾವಕ, ಕೆಂಪು ಬಣ್ಣ ತೆಗೆಯೋಕೆ ಜಿಸಿಬಿ (ಇಂಗಾಲದ ಪುಡಿ). ಸೀದಾ ಟ್ರಿಪಲ್ ಕ್ವಾಡ್ ಮಾಸ್ ಸ್ಪೆಕ್ಟ್ರೋಮೀಟರ್‌ಗೆ. 2 ಮೈಕ್ರೋಲೀಟರ್ ಸಾಕು, ಗ್ರಾಫಲ್ಲಿ ಏಳುವ ಪೀಕ್ ನೋಡೋಕೇ ಖುಷಿ.

ಕೊಪ್ಪಳ_ನೀರು:
ಟ್ರಿಪಲ್ ಕ್ವಾಡ್ ಎಲ್ಲರ ಹತ್ರ ಇರಲ್ಲ ಸರ್. 2003ರಲ್ಲಿ ಕ್ವೆಚರ್ಸ್ ಬಂದಿದ್ದೂ ದ್ರಾವಕ ಉಳಿಸೋಕೇ. ಆದರೂ ಸ್ಯಾಂಪಲ್‌ಗೆ 10 ಮಿ.ಲೀ. ಅಸಿಟೋನೈಟ್ರೈಲ್ ಹೋಗುತ್ತದೆ. ಇವರದ್ದು ಮೈಕ್ರೋಲೀಟರ್ ಲೆಕ್ಕ.
@ಸಿಂಧನೂರು, ಉಪ್ಪು ಕಾರಣವಾಗಿದ್ದರೆ ಡಿಸ್ಟಿಲ್ಡ್ ನೀರಲ್ಲೂ ಕೈಕೊಡಬೇಕಿತ್ತು, ಅಲ್ವಾ? ಬಾಟಲಿ ಯಾವುದು? ಸೋಸಿದಿರಾ?

ರಾಯಚೂರು_ಮೆಣಸು:
10 ಮಿ.ಲೀ. ಒಂದು ಲೆಕ್ಕವಾ? ನಿಮ್ಮ ದ್ರಾವಕದ ಥೈಮಾಲ್ಲೇ ಎಚ್‌ಪಿಎಲ್‌ಸಿಯ ಯುವಿ ಡಿಟೆಕ್ಟರ್‌ನಲ್ಲಿ ಎಷ್ಟು ದೊಡ್ಡ ಪೀಕ್ ಕೊಡುತ್ತದೆ, ಅದನ್ನು ಯಾರೂ ಹೇಳಲ್ಲ.

ಸಿಂಧನೂರು_ಲ್ಯಾಬ್:
ಥೈಮಾಲ್ ಪೀಕ್ ಬೇರೆಯಾಗಿ ನಿಂತಿದೆ. ಬಾಟಲಿ ಗಾಜಿನದು. ಸ್ಪೈಕ್ ಹಾಕಿ, ರಾತ್ರಿ ಇಟ್ಟು, ಬೆಳಗ್ಗೆ 0.45 ಮೈಕ್ರಾನ್ ನೈಲಾನ್ ಫಿಲ್ಟರ್‌ನಲ್ಲಿ ಸೋಸಿದೆ. ನೀರು ಈಗ ಪೂರ್ತಿ ರಾಡಿ, ಫಿಲ್ಟರ್ ಮೇಲೆ ದಪ್ಪ ಕೆನೆ ಕಟ್ಟಿದ ಹಾಗೆ ಮಣ್ಣು ಕೂರುತ್ತದೆ.

ಕೊಪ್ಪಳ_ನೀರು:
ಅಲ್ಲೇ ಇದೆ ನೋಡಿ. ಕ್ಲೋರ್‌ಪೈರಿಫಾಸ್ ಲೀಟರ್ ನೀರಿಗೆ 2 ಮಿ.ಗ್ರಾಂ ಕೂಡ ಕರಗಲ್ಲ. ಮಣ್ಣು ಸಿಕ್ಕರೆ ಹಿಡಿದು ಕೂರುತ್ತದೆ, ನೈಲಾನ್‌ಗೂ ಅಂಟುತ್ತದೆ. ಆ ಫಿಲ್ಟರನ್ನು ಮಣ್ಣಿನ ಸಮೇತ ಸ್ವಲ್ಪ ಅಸಿಟೋನೈಟ್ರೈಲ್‌ನಲ್ಲಿ ತೊಳೆದು ಇಂಜೆಕ್ಟ್ ಮಾಡಿ. ಸೋಸಿದ ಮೇಲೆ ಸ್ಪೈಕ್ ಹಾಕಿದ ಇನ್ನೊಂದು ಸ್ಯಾಂಪಲ್ಲೂ ಜೊತೆಗಿರಲಿ. ಇದನ್ನು ಸುಮ್ನೆ ಬಿಡಬೇಡಿ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಕ್ಲೋರ್‌ಪೈರಿಫಾಸ್ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಮಣ್ಣಿನ ಪಾಲು ಬಿಟ್ಟುಹೋದರೆ ಮಿತಿ ದಾಟಿದ ನೀರೂ ಪಾಸಾಗುತ್ತದೆ.

ಸಿಂಧನೂರು_ಲ್ಯಾಬ್:
ತೊಳೆದದ್ದರಲ್ಲಿ ಪೀಕ್ ಎದ್ದು ಕಾಣುತ್ತಿದೆ! ಸೋಸಿ ಸ್ಪೈಕ್ ಹಾಕಿದ್ದೂ ಚೆನ್ನಾಗಿ ಬಂತು. ಆದರೆ ಅದೇ ನೀರಿಗೆ ಸ್ಪೈಕ್ ಹಾಕಿದ ಇನ್ನೊಂದು ಕೀಟನಾಶಕ ಇಮಿಡಾಕ್ಲೋಪ್ರಿಡ್ ಸುಳಿವೇ ಇಲ್ಲ.

ಬಳ್ಳಾರಿ_ಕೆಮಿಸ್ಟ್:
ಇಮಿಡಾಗೆ ಉಪ್ಪು ನಿಜವಾಗಲೂ ಕೆಲಸ ಮಾಡುತ್ತದೆ. 15% ಹಾಕಿ.

ಕೊಪ್ಪಳ_ನೀರು:
ಉಪ್ಪಿನಿಂದ ಸ್ವಲ್ಪ ಏರಬಹುದು. ಆದರೆ ಇಮಿಡಾ ಲೀಟರಿಗೆ ಅರ್ಧ ಗ್ರಾಂಗೂ ಜಾಸ್ತಿ ಕರಗುವ ವಸ್ತು, ನೀರು ಬಿಟ್ಟು ಮೆಂಥಾಲ್‌ಗೆ ಸುಲಭಕ್ಕೆ ಬರಲ್ಲ. ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ. ನೀರಿನ ಪಿಎಚ್, ಸ್ಪೈಕ್ ಪ್ರಮಾಣ, ಡಿಇಎಸ್ ಎಷ್ಟು ಹಾಕಿದಿರಿ ಎಲ್ಲ ಮೊದಲೇ ಬರೆಯಿರಿ.