ಸಿಎ ಓದು, ಚೆಂಡೆ ಕ್ಲಾಸು: ಎರಡೂ ಆಗುತ್ತಾ?

ಡೊಂಬಿವಲಿ ಹುಡುಗ:
ನಮಸ್ಕಾರ. ಸಿಎ ಇಂಟರ್ ಎರಡೂ ಗ್ರೂಪ್ ಪಾಸಾಗಿದೆ. ಮುಂದಿನ ತಿಂಗಳಿಂದ ಮುಂಬೈನ ಫೋರ್ಟ್‌ನಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಆಫೀಸಿನಲ್ಲಿ ಕೆಲಸದ ತರಬೇತಿ. ಭಾನುವಾರ ಮಾತ್ರ ಯಕ್ಷಗಾನದ ಚೆಂಡೆ ಕಲಿಯುತ್ತೇನೆ, ಈಗಷ್ಟೇ ಏಕತಾಳ ಕೈಗೆ ಹತ್ತುತ್ತಿದೆ. ಅಪ್ಪ ಹೋಟೆಲ್ ಕೆಲಸದಲ್ಲೇ ಸವೆದವರು, "ಮೊದಲು ಸಿಎ ಮುಗಿಸು ಮಾರಾಯ" ಅನ್ನುತ್ತಾರೆ. ಅವರ ಚಿಂತೆ ನನಗೂ ಅರ್ಥವಾಗುತ್ತದೆ. ಆದರೆ ಒಂದು ಭಾನುವಾರ ತಪ್ಪಿದರೂ ವಾರವಿಡೀ ಮನಸ್ಸು ಮಂಕಾಗಿರುತ್ತದೆ, ಓದೂ ಹತ್ತುವುದಿಲ್ಲ. ಬಿಡಲಾ?

ಮಾಟುಂಗಾ ಅಕ್ಕ:
ಬಿಡಬೇಡ ತಮ್ಮಾ. ಆರ್ಟಿಕಲ್‌ಶಿಪ್ ಮೊದಲು 3 ವರ್ಷ ಇತ್ತು, 2023ರ ಹೊಸ ನಿಯಮದಲ್ಲಿ 2 ವರ್ಷಕ್ಕೆ ಇಳಿದಿದೆ, ಅದು ಮುಗಿದ ಮೇಲೆ ಫೈನಲ್‌ಗೆ ಮುಂಚೆ ಓದಲಿಕ್ಕೇ ಅಂತ 6 ತಿಂಗಳು ಸಿಗುತ್ತದೆ. ಬೇಕಾದರೆ ಆಗ ಕ್ಲಾಸು ನಿಲ್ಲಿಸು, ಈಗಲೇ ಯಾಕೆ? ಅಪ್ಪನಿಗೆ ಈ ಲೆಕ್ಕ ಕೂತು ಹೇಳು. ಸುಮ್ನೆ ವಾದ ಮಾಡಬೇಡ.

ಠಾಣೆ ಆಡಿಟರ್:
ಅಕ್ಕ ಹೇಳಿದ್ದು ಸರಿ, ಆದರೆ ಸೆಪ್ಟೆಂಬರ್ ಮರೆಯಬೇಡಿ. ಟ್ಯಾಕ್ಸ್ ಆಡಿಟ್ ವರದಿಗೆ ಸಾಮಾನ್ಯವಾಗಿ ಸೆಪ್ಟೆಂಬರ್ 30 ಕೊನೆಯ ದಿನ, ಆಗ ಭಾನುವಾರವೂ ಆಫೀಸಿಗೆ ಕರೆಯುತ್ತಾರೆ. ಗುರುಗಳಿಗೆ ಈಗಲೇ ಹೇಳಿಡಿ. ರಾತ್ರಿಯಿಡೀ ಯಕ್ಷಗಾನ ಆಟ ನೋಡುವುದನ್ನೂ ಸ್ವಲ್ಪ ಕಡಿಮೆ ಮಾಡಿ, ನಿದ್ದೆಗೆಟ್ಟು ಮರುದಿನ ವೋಚರ್ ನೋಡಿದರೆ ತಪ್ಪಾಗುತ್ತದೆ.

ಪುಣೆಯಿಂದ ಭಾಗವತ:
ಲೋಕಲ್ ರೈಲಿನಲ್ಲಿ ಹೋಗಿಬರುವ ಹೊತ್ತಿದೆ ಅಲ್ವಾ? ನಿಂತಲ್ಲೇ ಬಾಯಿತಾಳ ಹೇಳಿಕೊಳ್ಳಿ, ಬೆರಳಲ್ಲಿ ಬ್ಯಾಗಿನ ಪಟ್ಟಿಯ ಮೇಲೆ ತಟ್ಟಿ. ಬಾಯಲ್ಲಿ ಗಟ್ಟಿಯಾದ ತಾಳ ಕೈಗೆ ಬೇಗ ಬರುತ್ತದೆ. ಅಪ್ಪನನ್ನೂ ಒಮ್ಮೆ ಕ್ಲಾಸಿಗೆ ಕರೆದುಕೊಂಡು ಹೋಗಿ.