220 ಕೆವಿ ಸ್ಟೇಷನ್ ಹತ್ತಿರದ ಒಂಬತ್ತೂವರೆ ಎಕರೆ ಖುಷ್ಕಿ: ಬ್ಯಾಟರಿ ಸ್ಟೋರೇಜ್‌ಗೆ ಲೀಸ್ ಕೊಡಬಹುದಾ?

ಬಯಲುಸೀಮೆ:
ಚಿತ್ರದುರ್ಗ ಜಿಲ್ಲೆ. ಒಂದೇ ಸರ್ವೆ ನಂಬರ್‌ನಲ್ಲಿ 9 ಎಕರೆ 20 ಗುಂಟೆ, ಅದರಲ್ಲಿ 18 ಗುಂಟೆ ಬಿ ಖರಾಬು (ಹಳ್ಳ). ಮೇಲ್ಭಾಗ ಕೆಂಪು ಗರಸು, ಹಳ್ಳದ ಕಡೆ ಮೂರು ಎಕರೆ ಎರೆ. ಕೆಪಿಟಿಸಿಎಲ್ 220 ಕೆವಿ ಸ್ಟೇಷನ್ 700 ಮೀಟರ್ ದೂರ, ಅದರ ಒಂದು ಲೈನ್ ನಮ್ಮ ಹೊಲದ ಮೇಲೇ ಹೋಗಿದೆ. ಏಜೆಂಟ್ ಹೇಳೋದು: 100 ಮೆಗಾವಾಟ್, 200 ಮೆಗಾವಾಟ್ ಅವರ್ ಪ್ರಾಜೆಕ್ಟ್ (ಅಂದ್ರೆ 100 ಮೆಗಾವಾಟ್‌ನಂತೆ ಎರಡು ಗಂಟೆ ಕೊಡೋ ಬ್ಯಾಟರಿ), 30 ವರ್ಷ ಲೀಸ್, ಎಕರೆಗೆ ಸೋಲಾರ್ ರೇಟು. ಈಗಲೇ ಆಪ್ಷನ್ ಅಗ್ರಿಮೆಂಟಿಗೆ (ನಿಗದಿತ ಅವಧಿಯೊಳಗೆ ಲೀಸ್ ಪಡೆಯೋ ಹಕ್ಕನ್ನ ಕಂಪನಿಗೆ ಕಾಯ್ದಿಡೋ ಕರಾರು) ಸಹಿ, ಜೊತೆಗೆ ಜಿಪಿಎ (ನಮ್ಮ ಪರವಾಗಿ ವ್ಯವಹರಿಸೋ ಸಾಮಾನ್ಯ ಅಧಿಕಾರ ಪತ್ರ). ಜಾಗ ನಿಜಕ್ಕೂ ಹೊಂದುತ್ತಾ? ಸಹಿಗೆ ಮುಂಚೆ ಏನು ನೋಡಬೇಕು?

ಬಸ್‌ಬಾರ್:
700 ಮೀಟರ್ ಒಳ್ಳೆಯದೇ. ಆದರೆ ಸ್ಟೇಷನ್ ಹತ್ತಿರ ಇದ್ದ ಮಾತ್ರಕ್ಕೆ ಕನೆಕ್ಷನ್ ಸಿಗಲ್ಲ. ಸ್ಟೇಷನ್ ಒಳಗೆ ಖಾಲಿ 220 ಕೆವಿ ಬೇ (ಒಂದು ಲೈನ್ ಜೋಡಿಸೋ ಸ್ವಿಚ್‌ಗಳ ಜಾಗ) ಇರಬೇಕು, ಇಲ್ಲವಾದರೆ ಬೇ ಕಟ್ಟೋಕೆ ಯಾರ್ಡ್‌ನಲ್ಲಿ ಜಾಗ ಇರಬೇಕು. ಆಮೇಲೆ ಲೋಡ್ ಫ್ಲೋ ಸ್ಟಡಿ, ಅಂದ್ರೆ ಈ ಹೊರೆಯನ್ನ ಲೈನ್‌ಗಳು ತಡೀತಾವಾ ಅನ್ನೋ ಲೆಕ್ಕ. ಬ್ಯಾಟರಿ ಮಧ್ಯಾಹ್ನ 100 ಮೆಗಾವಾಟ್ ಎಳೆಯುತ್ತೆ, ಸಂಜೆ ಅಷ್ಟೇ ಬಿಡುತ್ತೆ. ಮಧ್ಯಾಹ್ನ ನಿಮ್ಮ ಕಡೆ ಸೋಲಾರ್ ಕರೆಂಟ್ ಇರುತ್ತೆ, ಅದಕ್ಕೆ ಚಾರ್ಜಿಂಗ್ ಸಮಯ ಅಷ್ಟು ಕಷ್ಟ ಅಲ್ಲ. ಸಂಜೆ ಗಾಳಿ ವಿದ್ಯುತ್ತೂ ಅದೇ ಲೈನ್‌ಗಳಲ್ಲಿ ಹೊರಗೆ ಹೋಗಬೇಕಾದಾಗ ಇಕ್ಕಟ್ಟು. ಕಂಪನಿ ಕನೆಕ್ಟಿವಿಟಿಗೆ ಅರ್ಜಿ ಹಾಕಿದೆಯಾ, ಅದರ ಪ್ರತಿ ತೋರಿಸ್ತಾರಾ ಕೇಳಿ. ತೋರಿಸದಿದ್ದರೆ ನಿಮ್ಮದು ಅವರ ಪಟ್ಟಿಯಲ್ಲಿರೋ ಹತ್ತಾರು ಜಮೀನುಗಳಲ್ಲಿ ಒಂದು, ಅಷ್ಟೇ.

ಹೊಲದ ಮೇಲಿನ ಲೈನ್ ಲಾಭ ಅಲ್ಲ. ಅದಕ್ಕೆ ಅಲ್ಲೇ ಕೊಂಡಿ ಹಾಕೋಕೆ ಬರಲ್ಲ, ಲೈನ್ ಕತ್ತರಿಸಿ ಒಳಗೆ ತಂದು ಹೊರಗೆ ಒಯ್ಯಬೇಕು ಅಂದ್ರೆ ಇನ್ನೊಂದು ಸ್ವಿಚಿಂಗ್ ಸ್ಟೇಷನ್ನೇ ಕಟ್ಟಬೇಕು. ಬದಲಿಗೆ 220 ಕೆವಿಗೆ 35 ಮೀಟರ್ ಅಗಲದ ಪಟ್ಟಿ ಖಾಲಿ ಬಿಡಬೇಕು. ಲೈನ್ ನಿಮ್ಮಲ್ಲಿ 100 ಮೀಟರ್ ಹಾದುಹೋದರೆ ಸುಮಾರು 35 ಗುಂಟೆ ಹೋಯ್ತು.

ಇನ್ನೊಂದು ವಿಷಯ ಏಜೆಂಟರು ಹೇಳಲ್ಲ: ರಾಜ್ಯಗಳು ಕರೆಯೋ ಎಷ್ಟೋ ಬ್ಯಾಟರಿ ಟೆಂಡರ್‌ಗಳಲ್ಲಿ ಸ್ಟೇಷನ್ ಆವರಣದ ಸರ್ಕಾರಿ ಜಾಗವನ್ನೇ ಕೊಟ್ಟುಬಿಡ್ತಾರೆ. ಹಾಗಾದಾಗ ಪಕ್ಕದ ಖಾಸಗಿ ಜಮೀನು ಬೇಕಾಗೋದೇ ಇಲ್ಲ.

ಪ್ಲಿಂತ್ ಲೆವೆಲ್:
ಅಳತೆ ಸಾಲುತ್ತೆ. ಈಗಿನ 20 ಅಡಿ ಕಂಟೇನರ್ ಒಂದಕ್ಕೆ ಸುಮಾರು 5 ಮೆಗಾವಾಟ್ ಅವರ್ ಹಿಡಿಯುತ್ತೆ. 200ಕ್ಕೆ ಲೆಕ್ಕದಲ್ಲಿ 40 ಕಂಟೇನರ್. ಸವಕಳಿ, ನಷ್ಟ ಸೇರಿಸಿ 44ರಿಂದ 48 ಇಡ್ತಾರೆ. ನಡುವೆ 3 ಮೀಟರ್ ಅಂತರ, ಪಿಸಿಎಸ್ (ಡಿಸಿ–ಎಸಿ ಬದಲಿಸೋ ಯಂತ್ರ), ಟ್ರಾನ್ಸ್‌ಫಾರ್ಮರ್, 33 ಕೆವಿಯನ್ನ 220ಕ್ಕೆ ಏರಿಸೋ ಯಾರ್ಡ್, ಸುತ್ತ ಗಾಡಿ ತಿರುಗೋ ರಸ್ತೆ, ನೀರಿನ ಟ್ಯಾಂಕ್, ಮುಂದೆ ಕಂಟೇನರ್ ಸೇರಿಸೋಕೆ ಮೀಸಲು ಜಾಗ, ಎಲ್ಲಾ ಸೇರಿ 5ರಿಂದ 8 ಎಕರೆ. ಆದರೆ ಚೌಕಕ್ಕೆ ಹತ್ತಿರ ಇರಬೇಕು. ಉದ್ದ ಪಟ್ಟಿಯಾದರೆ ಬೇಲಿ ಅಂತರ, ರಸ್ತೆಗೇ ಅರ್ಧ ಹೋಗುತ್ತೆ.

ಎರೆ ಭಾಗ ಬ್ಯಾಟರಿಗೆ ಬೇಡ. ಒಂದು ಕಂಟೇನರ್ 40 ಟನ್ ಮೀರುತ್ತೆ, ಭಾರ ನಾಲ್ಕು ಮೂಲೆಗೆ ಬೀಳುತ್ತೆ. ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಒಂದು ಮೂಲೆ ಕುಸಿದರೂ ಬಾಗಿಲು ಹೊಂದಲ್ಲ, ಕೂಲಿಂಗ್ ಪೈಪಿನ ಜಾಯಿಂಟ್ ಸೋರುತ್ತೆ. ಎರೆ ತೆಗೆದು ಗರಸು ತುಂಬಿ ರೋಲರ್ ಹೊಡೀಬೇಕು, ಇಲ್ಲವೇ ಪೈಲ್ ಹಾಕಬೇಕು. ಗರಸಿನ ಕಡೆ ತಳಪಾಯ ಸುಲಭ, ಅಲ್ಲಿ ಅರ್ಥಿಂಗ್ ಕಷ್ಟ: ಬಂಡೆ ಬಂದರೆ ರೆಸಿಸ್ಟಿವಿಟಿ (ನೆಲ ಕರೆಂಟನ್ನ ತಡೆಯೋ ಗುಣ) ಏರಿ ಅರ್ಥ್ ಗ್ರಿಡ್ (ನೆಲದೊಳಗಿನ ಲೋಹದ ಜಾಲ) ದೊಡ್ಡದಾಗುತ್ತೆ. ಎರಡೂ ಪರೀಕ್ಷೆ (ಬೋರ್ ಹಾಕಿ ಮಣ್ಣು, ಬೇಸಿಗೆಯಲ್ಲಿ ರೆಸಿಸ್ಟಿವಿಟಿ) ಕಂಪನಿ ಖರ್ಚಿನಲ್ಲಿ ಮಾಡಿಸಿ ವರದಿಯ ಪ್ರತಿ ತಗೊಳ್ಳಿ.

ಹಳ್ಳದ ಅತಿ ಹೆಚ್ಚಿನ ನೀರಿನ ಗುರುತು ಊರಿನ ಹಿರಿಯರಿಗೆ ಗೊತ್ತಿರುತ್ತೆ. ಪ್ಲಿಂತ್ ಅದಕ್ಕಿಂತ ಮೇಲಿರಬೇಕು. ಮುಖ್ಯ ರಸ್ತೆಯಿಂದ ಹೊಲದವರೆಗಿನ ಮೋರಿಗಳನ್ನೂ ಎಣಿಸಿ. ಟ್ರೇಲರ್ ಸೇರಿ 55–60 ಟನ್ ಹೋಗಬೇಕು, ಹಳೇ ಪೈಪ್ ಮೋರಿ ತಡೆಯಲ್ಲ.

ಪಹಣಿ:
ಸೋಲಾರ್ ರೇಟಿಗೆ ಒಪ್ಪಬೇಡಿ. ಪಾವಗಡ ಪಾರ್ಕ್‌ನಲ್ಲಿ 2,050 ಮೆಗಾವಾಟ್‌ಗೆ ಸುಮಾರು 13,000 ಎಕರೆ, ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ನಿಮ್ಮಲ್ಲಿ 8 ಎಕರೆಗೆ 100 ಮೆಗಾವಾಟ್. ಎಕರೆಗೆ ಎಷ್ಟು ಮೆಗಾವಾಟ್ ಅನ್ನೋ ಲೆಕ್ಕದಲ್ಲಿ ಪಾವಗಡದ ಸುಮಾರು 80 ಪಟ್ಟು. ಬ್ಯಾಟರಿ ಪ್ರಾಜೆಕ್ಟಿನ ಖರ್ಚಲ್ಲಿ ಜಮೀನಿನ ಬಾಡಿಗೆ ಗಣನೆಗೇ ಬರಲ್ಲ, ಮಾತುಕತೆಗೆ ಅವಕಾಶ ಧಾರಾಳ ಇದೆ.

ದಾಖಲೆ: ಪಹಣಿ 11ನೇ ಕಾಲಂನಲ್ಲಿ ಸಾಲ, ಇಸಿ (ಋಣಭಾರ ಪತ್ರ), ಆಕಾರ್‌ಬಂದ್‌ಗೆ (ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆ) ವಿಸ್ತೀರ್ಣ ತಾಳೆ. ಬಿ ಖರಾಬು ಸಾರ್ವಜನಿಕರದ್ದು, ಅದನ್ನ ಲೀಸ್‌ಗೆ ಸೇರಿಸಬೇಡಿ. ಮೂಲ ಮಂಜೂರಾತಿ ನೋಡಲೇಬೇಕು: ಎಸ್‌ಸಿ/ಎಸ್‌ಟಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ (ಇಂಥ ಜಮೀನಿನ ಪರಭಾರೆ ನಿಷೇಧಿಸೋ ಕಾಯ್ದೆ) ಪ್ರಕಾರ ಲೀಸ್ ಕೂಡ ಪರಭಾರೆಯೇ, ಸರ್ಕಾರದ ಪೂರ್ವಾನುಮತಿ ಬೇಕು. 2023ರ ತಿದ್ದುಪಡಿ ಪ್ರಕಾರ ಇಂಥ ಪ್ರಕರಣಕ್ಕೆ ಕಾಲಮಿತಿ ಇಲ್ಲ, ಹಳೇದು ಅಂತ ನೆಚ್ಚಿ ಕೂರಬೇಡಿ.

ಜಿಪಿಎ ಬೇಡ. ಬೇಕಾದರೆ ಕನೆಕ್ಟಿವಿಟಿ ಅರ್ಜಿ, ಸರ್ವೆಗೆ ಮಾತ್ರ ಸೀಮಿತ ಅಧಿಕಾರ ಪತ್ರ. ಆಪ್ಷನ್ 12–18 ತಿಂಗಳು, ಅದಕ್ಕೆ ಕಂಪನಿ ನಿಮಗೆ ಕೊಟ್ಟ ಫೀ ವಾಪಸ್ ಇಲ್ಲ, ಅವಧಿ ಮುಗಿದರೆ ತಾನಾಗಿ ರದ್ದು. ಬ್ಯಾಟರಿ ಟೆಂಡರ್ ಒಪ್ಪಂದ ಸಾಮಾನ್ಯವಾಗಿ 12 ಅಥವಾ 15 ವರ್ಷದ್ದು, ಮತ್ತೆ 30 ವರ್ಷ ಯಾಕೆ? 15 ವರ್ಷ, ಆಮೇಲೆ ಹೊಸ ಬಾಡಿಗೆಗೆ ನವೀಕರಣ ಅಂತ ಬರೆಸಿ. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು. ಬ್ಯಾಂಕಿಗೆ ಅಡ ಇಡೋದು ಕಂಪನಿಯ ಲೀಸ್ ಹಕ್ಕನ್ನು ಮಾತ್ರ, ಜಮೀನನ್ನಲ್ಲ. ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಕೃಷಿಯೇತರ ಬಳಕೆಗೆ ಪರಿವರ್ತನೆ ಬೇಕಾದರೆ ಕನೆಕ್ಟಿವಿಟಿ ಮಂಜೂರಾದ ಮೇಲಷ್ಟೇ ಕೈ ಹಾಕಿ. ಮುಂಚೆಯೇ ಪರಿವರ್ತಿಸಿ ಪ್ರಾಜೆಕ್ಟ್ ಬಿದ್ದುಹೋದರೆ ಕೃಷಿ ಸಾಲವೂ ಸಿಗದೆ ಕೂರ್ತೀರಿ.

ಬಯಲುಸೀಮೆ:
ಎಲ್ಲರಿಗೂ ಥ್ಯಾಂಕ್ಸ್. ಮೇಲ್ಭಾಗದಿಂದ 60 ಮೀಟರ್‌ಗೆ ಪಕ್ಕದವರ ಮನೆ, ಬೋರ್‌ವೆಲ್ ಇವೆ. ಬೆಂಕಿ ಬಿದ್ದರೆ?

ಪ್ಲಿಂತ್ ಲೆವೆಲ್:
2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಉರಿದದ್ದು ಒಂದೇ ಕಟ್ಟಡದೊಳಗೆ ಜೋಡಿಸಿದ್ದ ಬ್ಯಾಟರಿ. ಬಯಲಲ್ಲಿ ಬಿಡಿಬಿಡಿಯಾಗಿ ಇಟ್ಟ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಕಂಟೇನರ್‌ನಲ್ಲಿ ಅಷ್ಟು ಹರಡೋ ಅಪಾಯ ಕಡಿಮೆ, ಆದರೆ ಹೊತ್ತಿಕೊಂಡದ್ದನ್ನ ಆರಿಸೋದಕ್ಕಿಂತ ಅದು ಉರಿದು ಮುಗಿಯೋ ತನಕ ಅಕ್ಕಪಕ್ಕದ್ದಕ್ಕೆ ನೀರು ಹಾಯಿಸಿ ತಂಪಾಗಿಡೋದೇ ಕ್ರಮ. ಹೊಗೆ ವಿಷ, ಹರಿದ ನೀರೂ ಕೆಟ್ಟದ್ದು. ಹಾಗಾಗಿ ಮನೆ ಕಡೆಗೆ ಸ್ವಿಚ್‌ಯಾರ್ಡ್, ಗರಸಿನ ಭಾಗದಲ್ಲೇ ಮನೆಯಿಂದ ದೂರದ ತುದಿಗೆ ಬ್ಯಾಟರಿ, ಆ ನೀರು ನಿಲ್ಲಿಸೋಕೆ ತಳ ಸೋರದ ಹೊಂಡ. ಯುಎಲ್ 9540ಎ (ಬ್ಯಾಟರಿಯಲ್ಲಿ ಬೆಂಕಿ ಹೇಗೆ ಹರಡುತ್ತೆ ಅನ್ನೋ ಪರೀಕ್ಷೆ) ವರದಿ ಕೇಳಿ. ಬೆಂಕಿಗಿಂತ ದಿನಾ ಕಾಡೋದು ರಾತ್ರಿಯ ಫ್ಯಾನ್ ಸದ್ದು. ಶಬ್ದದ ಮಿತಿಯನ್ನ ಆ ಮನೆಯ ಗೋಡೆ ಹತ್ತಿರ ಅಳೆಯಬೇಕು ಅಂತ ಲೀಸ್‌ನಲ್ಲೇ ಬರೆಸಿ, ಬೇಲಿ ಹತ್ತಿರ ಅಲ್ಲ.